ಕೆಟ್ಟ ಜಾಗಾದಾಗ ಪುಸ್ತಕ ಮುಚ್ಚಬಾರದು

ಇನ್ನ ಮ್ಯಾಲ ಯಾರಿಗೂ ಪುಸ್ತಕ ಓದ್ರಿ ಅಂತ ಹೇಳಬಾರದು ಅಂತ ನಾ ಎಷ್ಟೋ ಸಲ ಕಿವಿ ಹಿಡಕೊಂಡೇನಿ. ಹೇಳಿದ್ರ ಓದೂದಿಲ್ಲ, ಓದಾಕ ಹತ್ತಿದ್ರ ಮುಗಸೂದಿಲ್ಲ, ಮುಗಸಿದ್ರ "ಚೊಲೊ ಐತ್ರಿ" ಅಂತ ಒಂದು ಮಾತು ಒಗದು ಹೊಕ್ಕಾರ. ಆದ್ರೂ ನನ್ನ ಬಾಯಿ ಸುಮ್ಮ ಇರಂಗಿಲ್ಲ. ಅಡಗಿ ಮಾಡಿದಾಕಿಗಿಂತ ಬಡಿಸಿದಾಕಿ ಮ್ಯಾಲ ಅಂತಾರಲ್ಲ, ಬರಿಯೂದು ಬರಿಯವ್ರ ಕೆಲಸ, ಬಡಸೂದು ನನ್ನ ಕೆಲಸ ಅಂತ ನಾನ ತಿಳಕೊಂಡು ಕುಂತೇನಿ.

ಈ ಸಲ ನಾ ಬಡಸಾಕ ಹೊಂಟಿದ್ದು ಒಂದು ಕಾದಂಬರಿ ಸರಣಿ. ನಾಕು ಭಾಗ, ಒಂದೊಂದೂ ಇಟ್ಟಂಗಿಯಷ್ಟು ದಪ್ಪ. ಮಾಯಾ ಮಂತ್ರದ ಕಥಿ, ಆದ್ರ ಸಣ್ಣ ಹುಡುಗರದ್ದಲ್ಲ, ದೊಡ್ಡವರದ್ದು. ಹೆಸರು ಮಾತ್ರ ಇಲ್ಲೆ ಹೇಳಂಗಿಲ್ಲ. ಹೇಳಿದ್ರ ನೀವು ಈಗಿಂದೀಗ ಫೋನ್ ತಗದು ಕೊನಿಗೆ ಏನಾತು ಅಂತ ಓದಿ ಬಿಡ್ತೀರಿ, ನಿಮ್ಮ ಹಣೆಬರಾ ನನಗ ಗೊತ್ತೈತಿ. ಬೇಕಾದವರು ಬೈಲಹೊಂಗಲಕ್ಕ ಬರ್ರಿ, ಚಾ ಕೊಟ್ಟು ಹೇಳ್ತೇನಿ.

ಕಥಿಯ ನಾಯಕಿ ರಾಜಕುಮಾರಿ ಅಲ್ಲ, ಹದಿನಾರರ ಹುಡುಗಿನೂ ಅಲ್ಲ. ನಲವತ್ತು ದಾಟಿದಾಕಿ, ಸಂತ್ಯಾಗ ಉಪ್ಪು ಮಾರಾಕಿ. ಮೊಣಕಾಲು ನೋಯ್ತಾವು, ಬಾಯಿ ಜೋರು. ಆಕಿಗೆ ಮಂತ್ರ ಬರ್ತೈತಿ, ಆದ್ರ ಆ ನಾಡಿನ್ಯಾಗ ಮಂತ್ರ ಪುಕ್ಕಟಿ ಅಲ್ಲ. ಒಂದು ಮಂತ್ರ ಹಾಕಿದ್ರ ಆಕಿ ಕಣ್ಣಿಂದ ಒಂದು ಬಣ್ಣ ಹೋಗ್ತೈತಿ. ಬತ್ತಿದ ಹೊಳಿಗೆ ನೀರು ತರಿಸಿದ್ಲು, ಕೆಂಪು ಹೋತು. ಊರಿಗೆ ಬಂದ ಬ್ಯಾನಿ ಓಡಿಸಿದ್ಲು, ಹಳದಿ ಹೋತು. ಆಮ್ಯಾಲೆ ಕುಂಕುಮ ಯಾವುದು ಅರಿಷಿಣ ಯಾವುದು ಅಂತ ಮೂಸಿ ನೋಡಿ ಹಚಗೊಳ್ಳೂ ಪಾಳಿ ಆಕಿಗೆ ಬರ್ತೈತಿ. ಇನ್ನೊಬ್ಬರ ಸಲುವಾಗಿ ಎಷ್ಟು ಬಣ್ಣ ಕಳಕೋಬೇಕು, ತನಗಂತ ಒಂದಾದ್ರೂ ಇಟಗೋಬೇಕೋ ಬ್ಯಾಡೋ, ಇದ ನಾಕು ಭಾಗದ ಕಥಿ. ಇದನ್ನ ಸಣ್ಣ ಹುಡುಗರಿಗೆ ಕೊಟ್ರ ಏನ ತಿಳೀತೈತಿ ಹೇಳ್ರಿ.

ನಾ ಸಂಪಗಾಂವದ ಹೈಸ್ಕೂಲಿನ್ಯಾಗ ವಿಜ್ಞಾನ ಕಲಸ್ತೇನಿ, ದಿನಾ ಬೈಲಹೊಂಗಲದಿಂದ ಬಸ್ಸಿಗೆ ಹೋಗಿ ಬರೂದು. ಮೊದಲನೇ ಭಾಗ ಬಸ್ಸಿನ್ಯಾಗ ಓದಿದೆ. ಒಂದು ದಿನ ಸಂಪಗಾಂವ ದಾಟಿ ಬಸ್ಸು ಹೊಲದ ನಡುವ ಹೊಂಟಿತ್ತು, ನನಗ ಖಬರ ಇಲ್ಲ. ಕಂಡಕ್ಟರ್ ಬಂದು, ಟೀಚರ್, ಇವತ್ತು ಸಾಲಿ ಸೂಟಿ ಏನ್ರಿ ಅಂತ ಕೇಳಿದ ಮ್ಯಾಲ ಎಚ್ಚರಾತು. ಆವತ್ತ ಸ್ಟಾಫ್ ರೂಮಿನ್ಯಾಗ ತಡಾ ಆದ ಕಾರಣ ಹೇಳಿದೆ ನೋಡ್ರಿ, ಎಲ್ಲಾರೂ ಬಿದ್ದು ಬಿದ್ದು ನಕ್ರು. ಮುಂಜಾನೆ ಗುರುತ್ವಾಕರ್ಷಣ ಕಲಸೂ ಮೇಡಂ ಸಂಜಿಕೆ ಮಂತ್ರ ಹಾಕವ್ರ ಕಥಿ ಓದ್ತಾರ ಅಂತ ಗಣಿತದ ಮಾಸ್ತರು ಚಾಷ್ಟಿ ಮಾಡಿದ್ರು. ನಾ ಬಿಡ್ತೇನೇನು, ಅವ್ರ ಕೈಯಾಗ ಪುಸ್ತಕ ತುರಕಿ ಓದ್ರಿ ಅಂದೆ. ತಿಂಗಳ ಬಿಟ್ಟು ವಾಪಸ್ ಕೊಟ್ರು. ಮ್ಯಾಲ ಚಾ ಕಪ್ಪಿನ ಗುಂಡಗಿನ ಕಲಿ ಬಿದ್ದಿತ್ತು, ಒಳಗಿನ ಹಾಳಿ ಗಾಳಿನೂ ಕಂಡಿರಲಿಲ್ಲ. ಸವದತ್ತಿಯೊಳಗ ನನ್ನ ತಮ್ಮಗ ಹೇಳಿದೆ, ಅಂವ, ಅಕ್ಕಾ, ಇದು ಹುಡುಗರ ಪುಸ್ತಕ ಅಲ್ಲೇನು ಅಂದ. ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ. ನಾಕೂ ಭಾಗ ಓದಿ ಮುಗಸಿದೆ, ಆದ್ರ ಅದರ ಬಗ್ಗೆ ಮಾತಾಡಾಕ ಈ ಜಗತ್ತಿನ್ಯಾಗ ಒಂದು ಜೀವ ಇರಲಿಲ್ಲ. ಹೊಟ್ಟಿ ಉಬ್ಬಿ ಹೋಗಿತ್ತು ನನಗ.

ಆ ಜೀವ ನಮ್ಮ ಪಡಸಾಲ್ಯಾಗ ಕುಂತಿತ್ತು ಅಂತ ನನಗ ಹೊಳದಿರಲಿಲ್ಲ. ಅದು ನಮ್ಮತ್ತಿ.

ನಮ್ಮತ್ತಿ ರಾಮದುರ್ಗದ ಕಡಿಯವರು. ಮುಲ್ಕಿ ಪಾಸಾದವರು, ಅಂದ್ರ ಆ ಕಾಲದ ಏಳನೇ ಇಯತ್ತೆ. ಅದರ ಜಂಬ ಇನ್ನೂ ಐತಿ. ನಾ ಎಮ್ಮೆಸ್ಸಿ ಮಾಡೇನ್ರೀ ಅತ್ತಿ ಅಂದ್ರ, ಇರ್ಲಿ ಬಿಡು, ಆದ್ರ ಮುಲ್ಕಿ ಅಂದ್ರ ಮುಲ್ಕಿನ ಅಂತಾರ. ಮಧ್ಯಾಹ್ನ ಊಟಾ ಆದ ಮ್ಯಾಲ ವ್ಯಾಸಪೀಠದ ಮ್ಯಾಲ ಪುರಾಣ ಇಟಗೊಂಡು ರಾಗಾ ಮಾಡಿ ಓದೂದು ಅವ್ರ ನೇಮ ಆಗಿತ್ತು. ಕಣ್ಣಾಗ ಮೋತಿಬಿಂದು, ಅಂದ್ರ ಪೊರಿ, ಬಂತು. ಮೊದಲು ಅಕ್ಷರ ಇರಿವಿ ಹರದಂಗ ಕಾಣಾಕ ಹತ್ತಿದ್ವು, ಆಮ್ಯಾಲೆ ಇರಿವಿನೂ ಕಾಣದಂಗಾದ್ವು. ಪುರಾಣ ದೇವರ ಮಾಡದಾಗ ಹೋಗಿ ಕುಂತಿತು, ಅತ್ತಿ ಪಡಸಾಲ್ಯಾಗ ಗೋಡಿಗೆ ಆನಿ ಕುಂತ್ರು.

ಕಿತ್ತೂರಿನ ಕಣ್ಣಿನ ಡಾಕ್ಟರು ನೋಡಿ, ಎರಡೂ ಕಣ್ಣಾಗ ಐತಿ, ಬಲಗಣ್ಣಿಂದು ಹಣ್ಣಾಗೇತಿ, ತಡಾ ಮಾಡಬ್ಯಾಡ್ರಿ, ತಡಾ ಮಾಡಿದಷ್ಟು ತಗಿಯೂದು ತ್ರಾಸ ಆಗ್ತೈತಿ ಅಂತ ಹೇಳಿ ಬಿಟ್ಟಿದ್ರು. ಅತ್ತಿ ಒಪ್ಪಲಿಲ್ಲ. ನಮ್ಮ ಮನಿಯವರು ಹೇಳಿದ್ರು, ಧಾರವಾಡದಾಗ ಕಲಿಯೂ ಮೊಮ್ಮಕ್ಕಳು ಫೋನ್ ಮಾಡಿ ಹೇಳಿದ್ರು. ಎಲ್ಲಾರಿಗೂ ಒಂದ ಮಾತು, ನನಗ ಇನ್ನ ನೋಡೂದು ಏನ ಉಳದೈತಿ. ಮಕ್ಕಳ ಮುಖಾ ನೋಡೇನಿ, ಮೊಮ್ಮಕ್ಕಳ ಮುಖಾ ನೋಡೇನಿ, ಸಾಕು.

ಖರೇ ಕಾರಣ ಬ್ಯಾರೆ ಇತ್ತು, ಅದನ್ನ ಬಾಯಿ ಬಿಟ್ಟು ಹೇಳ್ತಿರಲಿಲ್ಲ. ಅತ್ತಿ ಸಣ್ಣವರಿದ್ದಾಗ ಅವ್ರ ಚಿಗವ್ವಗ ಕಣ್ಣಿನ ಆಪರೇಷನ್ ಆಗಿತ್ತಂತ. ಪಟ್ಟಿ ಕಟಗೊಂಡು ಮನಿಗೆ ಬಂದಾಕಿಗೆ ಪಟ್ಟಿ ಬಿಚ್ಚಿದ ಮ್ಯಾಲೂ ಏನೂ ಕಾಣಲಿಲ್ಲ. ಯಾರ ತಪ್ಪೋ, ಏನಾಗಿತ್ತೋ, ದೇವರಿಗೇ ಗೊತ್ತು. ಆಕಿ ಇರೂ ತನಕ ಕೈ ಹಿಡದು ಅಡ್ಡಾಡಿಸಿದವರು ನಮ್ಮತ್ತಿ. ಇದನ್ನ ನಮ್ಮ ಮನಿಯವರು ನನಗ ಮದುವ್ಯಾದ ಹೊಸದಾಗ ಹೇಳಿದ್ರು.

ಒಂದು ಐತವಾರ ಮಧ್ಯಾಹ್ನ ನಾ ಪಡಸಾಲ್ಯಾಗ ಕುಂತು ಮೊದಲನೇ ಭಾಗ ಎರಡನೇ ಸಲ ಓದಾಕ ಹತ್ತಿದ್ದೆ. ಉಪ್ಪಿನಾಕಿ ರಾಜನ ಮಂತ್ರಿಗೆ ಸಂತ್ಯಾಗ ಬೈಯೂದು ಬಂತು, ನನಗ ನಗಿ ತಡಕೊಳ್ಳಾಕ ಆಗಲಿಲ್ಲ. ಅತ್ತಿ ಗೋಡಿ ಕಡಿಂದ, ಒಬ್ಬಾಕಿನ ಏನ ನಗತಿ, ಏನೈತಿ ಅದರಾಗ ಅಂದ್ರು. ನಾ ಉಸಿರು ಬಿಡದ ಕಥಿ ಹೇಳಾಕ ಸುರು ಮಾಡಿದೆ. ಅವ್ರು ಕೈ ಅಡ್ಡ ಹಿಡದು, ಹೇಳಬ್ಯಾಡ, ಓದು, ಹೇಳಿದ್ರ ನೀ ನಿನಗ ಬೇಕಾದ್ದಷ್ಟ ಹೇಳ್ತಿ ಅಂದ್ರು. ನಾ ಅಲ್ಲೇ ಬಾಯಿ ತಗದೆ. ಮತ್ತ ಕೈ ಅಡ್ಡ. ಮೊದಲು ಕೈಕಾಲು ತೊಳಕೊಂಡು ಬಾ, ಸೆರಗು ಹೊತಗೋ, ವ್ಯಾಸಪೀಠ ತಾ. ಅತ್ತಿ, ಇದು ಪುರಾಣ ಅಲ್ರೀ, ಕಾದಂಬರಿ ಅಂದೆ. ಯಾವುದಾದ್ರೇನು, ಅಕ್ಷರ ಅಕ್ಷರನ ಅಂದ್ರು. ಸೆರಗು ಹೊತಗೊಂಡು, ಚಾ ಕಪ್ಪಿನ ಕಲಿ ಬಿದ್ದ ಆ ಪುಸ್ತಕಾನ ವ್ಯಾಸಪೀಠದ ಮ್ಯಾಲ ಏರಿಸಿ ಓದಿದೆ. ಗಣಿತದ ಮಾಸ್ತರು ನೋಡಬೇಕಾಗಿತ್ತು.

ಮೊದಲನೇ ದಿನ ಅಧ್ಯಾಯ ಮುಗಿಯೂ ಹೊತ್ತಿಗೆ ಉಪ್ಪು ಹೊರೂ ಕತ್ತಿ ಸತ್ತು ಹೋತು. ಚಾ ಹೊತ್ತು ಆಗಿತ್ತು, ನಾ ಪುಸ್ತಕ ಮುಚ್ಚಾಕ ಹೋದೆ.

"ಕತ್ತಿ ಸತ್ತಲ್ಲೇ ಮುಚ್ಚತಿ ಏನು?" ಅಂದ್ರು ಅತ್ತಿ.

ಇದು ಪುರಾಣದ ಪದ್ಧತಿ. ಶ್ರಾವಣದಾಗ ಮಠದೊಳಗ ಪುರಾಣ ಹೇಳೂ ಶಾಸ್ತ್ರಿಗಳು ಸಾವು, ಶಾಪ, ಅಗಲಿಕಿ ಬಂದಲ್ಲೇ ಎಂದೂ ನಿಂದ್ರಸೂದಿಲ್ಲ. ಹೊತ್ತಾದ್ರೂ ಚಿಂತಿಲ್ಲ, ಒಂದು ಹುಟ್ಟು, ಒಂದು ಮದುವಿ, ಏನೂ ಇಲ್ಲಂದ್ರ ಒಂದು ಮಳಿ ಬರೂ ತನಕ ಹೇಳಿ ಆಮ್ಯಾಲೆ ಮಂಗಲ ಹಾಡ್ತಾರ. ಕೆಟ್ಟ ಜಾಗಾದಾಗ ಪುಸ್ತಕ ಮುಚ್ಚಿದ್ರ ಆ ಕೆಟ್ಟದ್ದು ಕೇಳಿದವ್ರ ಮನ್ಯಾಗ ಉಳೀತೈತಿ ಅಂತ ನಂಬಿಕಿ. ಪುರಾಣಕ್ಕ ಇದು ಸರಿ. ಈ ಕಾದಂಬರಿಯೊಳಗ ಒಳ್ಳೆ ಜಾಗ ಅಂದ್ರ ಬೇಸಗ್ಯಾಗ ನಳದ ನೀರು ಬಂದಂಗ. ಯಾವಾಗ ಬರ್ತೈತೋ ಗೊತ್ತಿಲ್ಲ, ಬಂದಾಗ ತುಂಬಿ ಇಟಗೋಬೇಕು. ಕತ್ತಿ ಸತ್ತ ಮ್ಯಾಲ ಸಂತಿ ಸುಟ್ಟಿತು, ಸಂತಿ ಸುಟ್ಟ ಮ್ಯಾಲ ಅಣ್ಣ ದ್ರೋಹ ಮಾಡಿದ. ಕೊನಿಗೆ ಯಾರದೋ ಮನಿ ಆಕಳಾ ಕರಾ ಹಾಕಿತು ಅನ್ನೂ ಸಾಲು ಬಂತು. ಹಾಂ, ಇಲ್ಲೆ ಮುಚ್ಚು ಅಂತ ಅತ್ತಿ ಪುಸ್ತಕಕ್ಕ ಕೈ ಮುಗದ್ರು. ನನ್ನ ಗಂಟಲು ಒಣಗಿ ಹೋಗಿತ್ತು.

ಅಲ್ಲಿಂದ ನಮ್ಮ ಮನಿ ಗಡಿಯಾರ ಆ ಕಾದಂಬರಿ ಕೈಯಾಗ ಹೋತು. ನಾ ಸಾಲಿಂದ ಬರೂದ ತಡ, ಅತ್ತಿ ವ್ಯಾಸಪೀಠ ಬಿಚ್ಚಿ ಇಟ್ಟು ಕುಂತಿರ್ತಿದ್ರು. ಹಾಲು ಉಕ್ಕಿತು, ಬ್ಯಾಳಿ ತಳಾ ಹಿಡೀತು, ಒಳ್ಳೆ ಜಾಗ ಬರೂ ತನಕ ಏಳಂಗಿಲ್ಲ. ನಮ್ಮ ಮನಿಯವರು ಬೀಜ-ಗೊಬ್ಬರದ ಅಂಗಡಿ ಮುಚ್ಚಿ ಹಸಕೊಂಡು ಬರ್ತಿದ್ರು. ಮೊದಮೊದಲು ಗೊಣಗಿದ್ರು, ಮುಂಜಾನೆ ಮಾಡಿದ ರೊಟ್ಟಿಗೆ ಮೊಸರು ಹಚಗೊಂಡು ತಿಂದ್ರು. ಆಮ್ಯಾಲೆ ಹೊಸ್ತಿಲದಾಗ ನಿಂತು, ಒಳ್ಳೆ ಜಾಗ ಬಂತೋ ಇಲ್ಲೋ ಅಂತ ಕೇಳಿ ಒಳಗ ಬರಾಕ ಕಲತ್ರು.

ಅಯ್ಯ ಶಿವನ, ನನಗ ಆಗಿದ್ದ ಹಿಗ್ಗು ಏನ ಹೇಳ್ಲಿ. ಮೆಂತೆ ಸೊಪ್ಪು ಸೋಸೂ ಮುಂದ ಅತ್ತಿ ಥಟ್ಟನೆ, ಆ ಮಂತ್ರಿ ಮ್ಯಾಲ ನನಗ ನಂಬಿಕಿ ಇಲ್ಲ ನೋಡು, ಅಂವ ಸಿಹಿ ಮಾತಾಡಿದಾಗೆಲ್ಲ ಯಾರರ ಒಬ್ಬರು ಸಾಯ್ತಾರ ಅಂತಿದ್ರು. ನಾ ಎರಡು ಸಲ ಓದಿ ಗಮನಿಸದ್ದನ್ನ ಅವ್ರು ಒಂದ ಸಲಕ್ಕ ಹಿಡೀತಿದ್ರು. ನಾಯಕಿಗೆ ಅವ್ರು ಉಪ್ಪಿನಾಕಿ ಅಂತ ಹೆಸರಿಟ್ಟಿದ್ರು, ನಮ್ಮ ಓಣ್ಯಾಗ ಇರಾಕಿ ಹಂಗ ಆಕಿ ಮ್ಯಾಲ ಸಿಟ್ಟಾಗತಿದ್ರು, ಆಕಿ ಸಲುವಾಗಿ ಮರಗತಿದ್ರು. ಆಕಿ ಹಳದಿ ಬಣ್ಣ ಕಳಕೊಂಡ ದಿನ ಮಾತ್ರ, ಆಕಿಗೆ ಒಂದೊಂದ ಹೊಕ್ಕಾವು, ನನಗ ಎಲ್ಲಾ ಕೂಡೇ ಮಸಕಾಗ್ಯಾವು ಅಂದ್ರು. ನಾ ಆಪರೇಷನ್ ಮಾತು ತಗದೆ. ಅವ್ರು, ಓದು ಅಂದ್ರು.

ಕಬ್ಬಿನ ಹಂಗಾಮು ಬಂತು. ಒಂದು ಮುಂಜಾನೆ ಅತ್ತಿ ಒಬ್ಬರೇ ಮಠಕ್ಕ ಹೋಗಿ ಬರೂ ಮುಂದ ರಸ್ತಾ ದಾಟಾಕ ಹೋಗಿ ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ಬಂದ್ರು. ಸಪ್ಪಳ ಕೇಳಿತ್ತಂತ, ಯಾವ ಕಡೆ ಅಂತ ಕಾಣಲಿಲ್ಲಂತ. ಡ್ರೈವರ್ ಹ್ಯಾಂಗೋ ನಿಂದ್ರಿಸಿದ. ಅತ್ತಿ ಹಿಂದಕ್ಕ ಸರದು ಬಿದ್ದು, ಸೀರಿಗೆ ರಾಡಿ ಹಚಗೊಂಡು ಮನಿಗೆ ಬಂದ್ರು. ಏನೂ ಆಗಿಲ್ಲ ಅಂದ್ರು. ನಮ್ಮ ಮನಿಯವರು ದನಿ ಏರಿಸಿದ್ರು, ಅವ್ರು ಅದಕ್ಕಿಂತ ಏರಿಸಿದ್ರು. ನನಗೂ ಸಿಟ್ಟು ನೆತ್ತಿಗೇರಿತ್ತು, ಸಿಟ್ಟಿನ ಬುಡಕ ಹೆದರಿಕಿ ಇತ್ತು. ಈ ಹೆಂಗಸು ಹಟಾ ಮಾಡಿ ಮಾಡಿ ಒಂದಿನ ಕಣ್ಣೂ ಕಳಕೋತಾರ, ಜೀವಾನೂ ಕಳಕೋತಾರ ಅಂತ ಅಡಗಿ ಮನ್ಯಾಗ ನಿಂತು ಅತ್ತೆ.

ಅಂಥಾ ಹಟಮಾರಿ ಒಪ್ಪಿದ್ದು ಹ್ಯಾಂಗ ಅನ್ನೂದು ನಮ್ಮ ಮನಿಯವರಿಗೆ ಇವತ್ತಿನ ತನಕ ಗೊತ್ತಿಲ್ಲ. ನಿಮಗ ಹೇಳ್ತೇನಿ.

ದೊಡ್ಡವರ ಕಾದಂಬರಿ ಅಂದೆನಲ್ಲ, ದೊಡ್ಡವರದ್ದು ಅಂದ್ರ ಎಲ್ಲಾ ರೀತಿಯಿಂದ ದೊಡ್ಡವರದ್ದು. ಎರಡನೇ ಭಾಗದಾಗ ಉಪ್ಪಿನಾಕಿಗೆ ಒಬ್ಬ ಅಂಬಿಗನ ಗುರ್ತಾಗ್ತೈತಿ. ಇಬ್ಬರೂ ಮಳ್ಯಾಗ ಸಿಕ್ಕೊಂಡು ಹೊಳಿ ದಂಡಿ ಮ್ಯಾಲಿನ ಒಂದು ಹಾಳು ಮಂಟಪ ಸೇರ್ತಾರ. ಬರದವರು ಸಂಕೋಚ ಇಟಗೊಂಡಿಲ್ಲ, ಬಿಚ್ಚಿ ಬರದಾರ, ಅದೂ ಭಾಳ ಚಂದ ಬರದಾರ. ಆದ್ರ ಸೆರಗು ಹೊತಗೊಂಡು, ವ್ಯಾಸಪೀಠದ ಮ್ಯಾಲಿಟ್ಟು, ಅತ್ತಿ ಮುಂದ ಅದನ್ನ ಓದೂದು ಹ್ಯಾಂಗ್ರಿ? ನನ್ನ ಕಿವಿ ಬಿಸಿ ಆದ್ವು. ಇಬ್ಬರೂ ಮಂಟಪದೊಳಗ ಬಂದ್ರು ಅಂತ ಓದಿದೆ, ಹಾಳಿ ತಿರುವಿದೆ, ತಿರುವಿದೆ, ಮತ್ತ ತಿರುವಿದೆ, ಮುಂಜಾನೆ ಸೂರ್ಯ ಹೊಳಿ ಮ್ಯಾಲ ಮೂಡಿದ ಅಂತ ಮುಂದ ನಡದೆ.

"ರಾತ್ರಿ ಎಲ್ಲಿ ಹೋತು?" ಅಂದ್ರು ಅತ್ತಿ.

"ಮಳಿ ಜೋರಿತ್ತಲ್ರೀ, ಮಕ್ಕೊಂಡ್ರು."

"ಹಾಳಿ ತಿರುವಿದ ಸಪ್ಪಳ ಮೂರು ಸಲ ಆತು. ಅಷ್ಟೂ ಹಾಳ್ಯಾಗ ಮಕ್ಕೊಂಡಿದ್ದ ಬರದಾರೇನು?"

ಕಣ್ಣು ಹೋದವ್ರ ಕಿವಿ ಎಷ್ಟು ಚುರುಕು ಇರ್ತೈತಿ ಅಂತ ಆವತ್ತ ತಿಳೀತು. ಅತ್ತಿ ಬೈಲಿಲ್ಲ. ತುರಬಿನ್ಯಾಗ ಕೈ ಹಾಕಿ ಒಂದು ಹೇರ್‌ಪಿನ್ ತಗದು ಕೊಟ್ಟು, ಹಾರಿಸಿದ ಹಾಳಿಗೆ ಇದನ್ನ ಸಿಗಸು ಅಂದ್ರು. ಸಿಗಸಿದೆ. ಇದಕ್ಕಿಂತ ಮೊದಲೂ ನೀ ಅಲ್ಲಲ್ಲೆ ಸೋಸಿ ಓದಿದ್ದು ನನಗ ಗೊತ್ತೈತಿ, ನಾನೂ ಮುಲ್ಕಿ ಪಾಸಾಗೇನಿ, ಇನ್ನೊಬ್ಬರು ಸೋಸಿ ಕೊಟ್ಟಿದ್ದನ್ನ ಯಾಕ ಕೇಳಲಿ ಅಂದ್ರು. ಸಂಜಿಕೆ ಮಗ ಹೊಸ್ತಿಲದಾಗ ನಿಂತು ಒಳ್ಳೆ ಜಾಗ ಬಂತೇನು ಅಂತ ಕೇಳಿದ್ರ, ನನ್ನ ಕಿತ್ತೂರಿಗೆ ಕರಕೊಂಡು ಹೋಗು, ಕಣ್ಣು ಮಾಡಸ್ತೇನಿ ಅಂದು ಬಿಟ್ರು.

ನಮ್ಮ ಮನಿಯವರು ತಾವು ಬೈದದ್ದಕ್ಕ ಒಪ್ಪಿದ್ರು ಅಂತ ತಿಳಕೊಂಡು ಅಂಗಡ್ಯಾಗ ಬಂದವರಿಗೆಲ್ಲ ಹೇಳಿದ್ದ ಹೇಳಿದ್ದು. ನಾ ಯಾಕ ಬಾಯಿ ಬಿಡ್ಲಿ. ನಗೂದೋ ಅಳೂದೋ ತಿಳೀಲಿಲ್ಲ ನನಗ. ಎರಡನೇ ಭಾಗ ಮುಗಸಿ ಮೂರನೇದು ಹಿಡದ್ವಿ. ಬಿಟ್ಟಿದ್ದನ್ನ ಆಮ್ಯಾಲೆ ನಾನ ನೋಡಕೋತೇನಿ, ನೀ ಮುಂದ ಓದು ಅಂತ ಕರಾರು ಆತು.

ಆದ್ರ ತಾರೀಖು ಸನಿಹ ಬಂದಂಗೆಲ್ಲ ಅತ್ತಿ ಸೊರಗಿದ್ರು. ರೊಟ್ಟಿ ಅರ್ಧಕ್ಕ ಬಿಡಾಕ ಹತ್ತಿದ್ರು. ಒಂದಿನ ಜ್ವಾಳ ಹಸನ ಮಾಡೂ ಮುಂದ ತಾವಾಗೇ ಚಿಗವ್ವನ ಮಾತು ತಗದ್ರು. ಆಕಿ ಕೈ ಯಾವಾಗಲೂ ತಣ್ಣಗ ಇರ್ತಿತ್ತು, ಹಿಡಕೊಂಡ್ರ ಬಿಡ್ತಿರಲಿಲ್ಲ ಅಂದ್ರು. ಅಷ್ಟ. ನಾ ಅವ್ರ ಕೈ ಹಿಡಕೊಂಡೆ, ಅದೂ ತಣ್ಣಗ ಇತ್ತು.

ಆಪರೇಷನ್ ದಿನ ಮುಂಜಾನೆ ಕಿತ್ತೂರಿಗೆ ಹೋಗೂ ಗಾಡಿ ಬಾಗಲದಾಗ ನಿಂತಿತ್ತು. ಅತ್ತಿ ಜಳಕಾ ಮಾಡಿ, ವಿಭೂತಿ ಹಚಗೊಂಡು, ಒಗದ ಸೀರಿ ಉಟಗೊಂಡು ಬಂದು ವ್ಯಾಸಪೀಠದ ಮುಂದ ಕುಂತ್ರು. ಒಂದೀಟ ಓದು ಅಂದ್ರು. ನಮ್ಮ ಮನಿಯವರು ಹೊತ್ತಾಗ್ತೈತಿ ಅನ್ನಾಕ ಬಾಯಿ ತಗದ್ರು, ನಾ ಕಣ್ಣು ಸನ್ನಿ ಮಾಡಿ ಸುಮ್ಮ ಕುಂದರಿಸಿದೆ.

ಮೂರನೇ ಭಾಗದ ನಡುವ ಇದ್ವಿ ನಾವು. ಉಪ್ಪಿನಾಕಿ ಕಣ್ಣಾಗ ಒಂದ ಬಣ್ಣ ಉಳದೈತಿ, ನೀಲಿ. ಊರ ಮಂದಿನ ಉಳಸಾಕ ಆಕಿ ಗುಡ್ಡದ ಹೊಟ್ಟ್ಯಾಗಿನ ಸುರಂಗಕ್ಕ ಇಳೀಬೇಕು. ಇಳೀತಾಳ. ಹಿಂದ ಕಲ್ಲಿನ ಬಾಗಲ ಮುಚ್ಚಕೋತೈತಿ. ಕತ್ತಲಾಗ ಆಕಿಗೆ ಆ ನೀಲಿನೂ ಕಾಣಂಗಿಲ್ಲ. ಇನ್ನೊಂದೆರಡು ಹಾಳಿ ಓದಿದ್ರ ಒಳ್ಳೆ ಜಾಗ ಬರ್ತೈತಿ, ನನಗ ಗೊತ್ತಿತ್ತು. ಅತ್ತಿ ಚೊಲೊ ಮಾತು ಕೇಳಿ ಹೋಗಲಿ ಅಂತ ಲಗೂನ ಓದಾಕ ಹತ್ತಿದ್ದೆ.

ಬಾಗಲ ಮುಚ್ಚಿತು ಅನ್ನೂದು ಬಂದ ಕೂಡಲೆ ಅತ್ತಿ ಪುಸ್ತಕದ ಮ್ಯಾಲ ಕೈ ಇಟ್ರು.

"ಇಲ್ಲೆ ಮುಚ್ಚು."

"ಅತ್ತಿ, ಇದು ಕೆಟ್ಟ ಜಾಗ ರೀ. ಎರಡ ಹಾಳಿ ತಡೀರಿ."

"ನನಗ ಗೊತ್ತಿಲ್ಲೇನು ಕೆಟ್ಟ ಜಾಗ ಅಂತ. ಒಳ್ಳೆ ಜಾಗಾದಾಗ ಮುಚ್ಚಿದ್ರ ಮಂಗಲ ಆಗಿ ಹೊಕ್ಕೈತಿ. ಇಲ್ಲೆ ಬಿಟ್ಟು ಹೋದ್ರ ನಾ ತಿರುಗಿ ಬಂದು ಆಕಿನ್ನ ಹೊರಗ ತರಬೇಕು. ಬರಾಕ ಬೇಕು."

ಹುಟ್ಟಿದಾಗಿಂದ ಪಾಲಿಸಿಕೊಂಡು ಬಂದ ಪದ್ಧತಿ ಮುರದು ಆ ಹೆಣ್ಣಮಗಳು ಎದ್ದು ನಿಂತ್ರು. ಪುಸ್ತಕ ಮುಚ್ಚಿ ವ್ಯಾಸಪೀಠದ ಮ್ಯಾಲೇ ಬಿಟ್ಟು, ಅವ್ರ ಕೈ ಹಿಡದು ಗಾಡಿ ಹತ್ತಿಸಿದೆ.

ಕಿತ್ತೂರಿನ ದವಾಖಾನ್ಯಾಗ ನಾವಿಬ್ಬರೂ ಹೊರಗಿನ ಬಾಕಿನ ಮ್ಯಾಲ ಕುಂತಿದ್ವಿ. ನಮ್ಮ ಮನಿಯವರು ಚಾ ತಂದ್ರು, ಆರಿ ಹೋತು. ಡಾಕ್ಟರು ಹೊರಗ ಬಂದು, ಎಲ್ಲಾ ಚೊಲೊ ಆತು, ನಿಮ್ಮ ಅಮ್ಮಾರು ಟೇಬಲ್ ಮ್ಯಾಲ ಮಕ್ಕೊಂಡು ನನಗ ಯಾವುದೋ ಸುರಂಗದ ಕಥಿ ಹೇಳಿದ್ರು, ಮುಂದೇನಾತು ಅಂದ್ರ ಓದಿಲ್ಲ ಅಂದ್ರು ಅಂತ ನಕ್ರು. ನಾ ಬಾಕಿನ ಮ್ಯಾಲ ಕುಂತಲ್ಲೇ ಅಳಾಕ ಹತ್ತಿದೆ. ಚೊಲೊ ಆಗೇತಿ ಅಂದಾಗ ಯಾಕ ಅಳ್ತಿ ಅಂತ ನಮ್ಮ ಮನಿಯವರು ಗಾಬ್ರಿ ಆದ್ರು.

ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದ್ರು. ಅತ್ತಿ ಕಣ್ಣು ಪಿಳಿಪಿಳಿ ಮಾಡಿ ಡಾಕ್ಟರನ್ನ ನೋಡಿದ್ರು, ಮಗನ್ನ ನೋಡಿದ್ರು, ಆಮ್ಯಾಲೆ ನನ್ನ ಸೀರಿ ನೋಡಕೋತ ನಿಂತ್ರು. ಇದು ನೀಲಿ ಸೀರಿ ಏನ ಅಂದ್ರು. ಹೌದ್ರೀ, ಅಂದೆ. ಇಷ್ಟ ದಿನಾ ಬೂದಿ ಬಣ್ಣದ್ದು ಅಂತ ತಿಳದಿದ್ದೆ, ನಮ್ಮ ಸೊಸಿಗೆ ಯಾಕ ಹಿಂಥಾ ಕೆಟ್ಟ ಬಣ್ಣ ಸೇರ್ತೈತಿ ಅಂತ ಮನಸ್ಸಿನ್ಯಾಗ ಬೈತಿದ್ದೆ ಅಂದ್ರು. ಪಕ್ಕದ ಖಾಟಿನ ಮಂದಿನೂ ನಕ್ರು.

ಚಷ್ಮಾ ಬರೂದಕ್ಕ ತಿಂಗಳ ಮ್ಯಾಲಾತು. ಅಲ್ಲೀ ತನಕ ನಾ ಓದ್ತೇನ್ರಿ ಅಂದೆ, ಬ್ಯಾಡ ಅಂದ್ರು. ಕಣ್ಣಿಗೆ ಔಷಧದ ಹನಿ ಬಿಡಿಸಿಕೊಂಡು ಆ ಮುಚ್ಚಿದ ಪುಸ್ತಕ ನೋಡಕೋತ ಕುಂದರತಿದ್ರು. ಉಪ್ಪಿನಾಕಿ ಅಷ್ಟ ದಿನ ಕತ್ತಲಾಗ ಇದ್ಲು.

ಚಷ್ಮಾ ಬಂದ ದಿನ ಸೂಟಿ ಇತ್ತು. ನಾ ಅಡಗಿ ಮನ್ಯಾಗ ರೊಟ್ಟಿ ಹಿಟ್ಟು ನಾದಾಕ ಹತ್ತಿದ್ದೆ. ಅತ್ತಿ ಕೈಕಾಲು ತೊಳಕೊಂಡು, ಸೆರಗು ಹೊತಗೊಂಡು ವ್ಯಾಸಪೀಠದ ಮುಂದ ಕುಂತ್ರು. ಸುರಂಗ ತಗೀತಾರ ಅಂತ ನಾ ಕಾದೆ. ಎಲ್ಲಿಂದು, ಎರಡನೇ ಭಾಗ ತಗೊಂಡು ಹೇರ್‌ಪಿನ್ ಇದ್ದ ಹಾಳಿ ತಗದ್ರು. ಸಾಲಿನ ಮ್ಯಾಲ ಬಟ್ಟು ಇಟ್ಟು, ತುಟಿ ಅಲುಗಾಡಿಸಿಕೋತ, ಒಂದು ಅಕ್ಷರ ಬಿಡದ ಓದಿದ್ರು. ನಾ ಹಿಟ್ಟು ನಾದಿದ್ದ ನಾದಿದ್ದು, ಅದು ಬೆಣ್ಣಿ ಆಗಿತ್ತು.

"ಬಾ ಇಲ್ಲೆ," ಅಂದ್ರು. ಹಿಟ್ಟಿನ ಕೈಲೇ ಹೋಗಿ ನಿಂತೆ. "ಇದಕ್ಕ ಹೆದರಿ ಹಾರಿಸಿದ್ಯಾ? ನಮ್ಮ ಕಾಲದಾಗ ಮದುವ್ಯಾಗ ಬೀಗತ್ಯಾರಿಗೆ ಹಾಡೂ ಹಾಡು ಕೇಳಿದ್ರ ನೀ ಊರ ಬಿಟ್ಟು ಓಡಿ ಹೋಗ್ತಿದ್ದಿ."

ಆಮ್ಯಾಲೆ ನಕ್ರು ನೋಡ್ರಿ, ಹೊಟ್ಟಿ ಹಿಡಕೊಂಡು ನಕ್ರು. ನಾನೂ ನಕ್ಕೆ. ಅಂಬಿಗ ಚೊಲೊ ಮನಷ್ಯಾ ಅದಾನ, ಬಣ್ಣ ಕಳಕೊಂಡಾಕಿಗೆ ಇಷ್ಟಾದ್ರೂ ಸಿಗಬೇಕು ಅಂದ್ರು. ಕಣ್ಣು ಒರಸಿಕೊಂಡು ಪಿನ್ನು ತಗದು ತುರಬಿಗೆ ಸಿಗಸಿಕೊಂಡ್ರು. ಕುಂದರು, ಇನ್ನ ನಾ ಓದ್ತೇನಿ, ನೀ ಕೇಳು ಅಂತ ಮೂರನೇ ಭಾಗ ತಗದ್ರು. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರ, ನಮ್ಮ ಮನ್ಯಾಗ ಎರಡೂ ಒಂದ ಕಾಲಕ್ಕ ಬಂದಿದ್ವು.

ಕಲ್ಲಿನ ಬಾಗಲ ಮುಚ್ಚಿತು ಅಂತ ಓದಿ, ಪುರಾಣದ ರಾಗದಾಗ ಮುಂದ ನಡದ್ರು. ಉಪ್ಪಿನಾಕಿ ಕತ್ತಲಾಗ ಗೋಡಿ ಸವರಿಕೋತ ನಡದು, ಕೊನಿಗೆ ಬೆಳಕು ಕಂಡು, ಆಚಿ ಕಡೆ ಹೊರಗ ಬಂದ್ಲು. ಮ್ಯಾಲ ಆಕಾಶ ಇತ್ತು, ನೀಲಿ ಇತ್ತು. ನಾ ಮುಚ್ಚತಾರ ಅಂತ ಕೈ ಮುಗಿಯಾಕ ಹೋದೆ. ಅವ್ರು ಮುಚ್ಚಲಿಲ್ಲ. ಮುಂದ ಓದಿದ್ರು, ಮಂತ್ರಿ ದಂಡು ಕಟಗೊಂಡು ಬಂದು ಅಂಬಿಗನ್ನ ಹಿಡಕೊಂಡು ಹೋಗೂ ತನಕ ಓದಿ, ಅಲ್ಲೆ ಥಪ್ಪನೆ ಮುಚ್ಚಿದ್ರು.

ಅತ್ತಿ, ಇದು ಕೆಟ್ಟ ಜಾಗ ಅಲ್ಲೇನ್ರಿ ಅಂದೆ. ಹೌದು, ನಾಳೆ ಬರಬೇಕಲ್ಲ ಅಂದ್ರು.

ಈಗ ದಿನಾ ಹಿಂಗ. ಅಗದಿ ಜೀವ ಗಂಟಲಕ್ಕ ಬಂದಲ್ಲೇ ಮುಚ್ಚಿ, ರೊಟ್ಟಿ ಬಡಿ ನಡಿ ಅಂತ ಎಬ್ಬಸ್ತಾರ. ಮಠದಾಗ ಅವ್ರ ಜೋಡಿ ಕುಂದರೂ ಮುದುಕ್ಯಾರಿಗೆ ಇದನ್ನ ಓದ್ರಿ ಅಂತ ಬೆನ್ನು ಹತ್ಯಾರ. ಒಬ್ಬಾಕಿ, ಅದು ಹುಡುಗರ ಪುಸ್ತಕ ಅಲ್ಲೇನು ಅಂದ್ಲಂತ. ಅತ್ತಿ ಮನಿಗೆ ಬಂದು ಆಕಿಗೆ ಬೈದ ಬೈಗಳಾ ಕೇಳಿ ನನ್ನ ಹೊಟ್ಟಿ ತಣ್ಣಗಾತು.

ಎಡಗಣ್ಣಿಗೆ ಅವಸರ ಇಲ್ಲ, ಬೇಸಗಿ ಕಳೀಲಿ ಅಂತ ಡಾಕ್ಟರು ಹೇಳಿದ್ರು. ಅತ್ತಿ ಕೇಳಲಿಲ್ಲ. ನಾಕನೇ ಭಾಗದಾಗ ಅಕ್ಷರ ಸಣ್ಣು ಅದಾವ, ಒಂದು ಕಣ್ಣಿಗೆ ಆಗೂದಿಲ್ಲ ಅಂತ ಮಗನ ಕೈಲೇ ಫೋನ್ ಮಾಡಿಸಿ ಮುಂದಿನ ವಾರಕ್ಕ ಹೆಸರು ಹಚ್ಚಿಸ್ಯಾರ. ಮೊನ್ನೆ ನನ್ನ ಕರದು, ನೀ ಕೊನೀ ತನಕ ಓದೀಯಲ್ಲ, ಈ ನಾಕನೇ ಭಾಗದಾಗ ಎಲ್ಲಾದಕ್ಕಿಂತ ಕೆಟ್ಟ ಜಾಗ ಯಾವುದು, ಆವತ್ತ ಮುಂಜಾನೆ ಅಲ್ಲೀ ತನಕ ಓದಿ ಬಿಟ್ಟು ಹೋಗ್ತೇನಿ ಅಂದ್ರು. ನಾ ತೋರಿಸಿದೆ. ತುರಬಿಂದ ಪಿನ್ನು ತಗದು ಆ ಹಾಳಿಗೆ ಸಿಗಸಿ ಇಟ್ಟಾರ.